ಸೋಮಮ್ಮ ಹೇಳಿದ ಸಾಕ್ಷಿ

ಅದು ಶುರುವಾದದ್ದು ಆಷಾಢದ ಗಾಳಿಯಲ್ಲಿ, ಹೊಗೆಸೊಪ್ಪು ಮುರಿಯುವ ಕಾಲ, ದೀಪ ಹಚ್ಚುವ ಹೊತ್ತಿಗೆ. ಪಿರಿಯಾಪಟ್ಟಣದ ಆಚೆಯ ಊರಲ್ಲಿ ಒಲೆ ಮುಂದೆ ಕೂತಿದ್ದ ಸೋಮಮ್ಮ ಹಿಟ್ಟು ತಳ ಹಿಡಿದು ಸೀದರೂ ಏಳಲಿಲ್ಲ. ಹಿಂದೊಮ್ಮೆ ಹಿಡಿದಿದ್ದ ಅದೇ ಮಂಕು ಹಳೇ ಜಾಡು ಹಿಡಿದು ತಿರುಗಿ ಬಂದಿತ್ತು.

ಯಾರಿಗೂ ಹೇಳುವಂತಿರಲಿಲ್ಲ. ಮೊದಲ ಸಲ ಮಂಕು ಹಿಡಿದಾಗ ಅವಳು ಮೈಸೂರಿನ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಲೇ ಯೇಸುವಿನ ಸಭೆಗೂ ಹೋಗಿದ್ದಳು. ಸಭೆ ನಡೆಸುವ ಅಯ್ಯನವರು ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರು. ಮನಸ್ಸು ಹಗುರಾದದ್ದೇ ಮಾತ್ರೆ ಬಿಟ್ಟಳು. ಭಾನುವಾರ ಎದ್ದು ನಿಂತು, ಸ್ವಾಮಿ ನನ್ನ ವಾಸಿ ಮಾಡಿದ್ರು ಅಂತ ಸಾಕ್ಷಿ ಹೇಳಿದಳು. ಆ ಸಾಕ್ಷಿ ಹುಣಸೂರು, ಕೋಟೆ ತಾಲ್ಲೂಕುಗಳ ಕಡೆಗೆಲ್ಲ ಹೋಯಿತು. ನೊಂದವರೆಲ್ಲ ಬಂದು ಅವಳಿಂದ ತಲೆ ಮೇಲೆ ಕೈ ಇಡಿಸಿಕೊಳ್ಳತೊಡಗಿದರು. ಬಾವಿ ಬತ್ತಿದರೂ ಹಗ್ಗ ಬಿಡುವವರು ನಿಲ್ಲಲಿಲ್ಲ.

"ಆಸ್ಪತ್ರೆಗೆ ಓಗುವಾ, ನಡಿಯಮ್ಮಿ," ಅಂದ ಗಂಡ ಮಾದೇಶ.

"ದೇವ್ರನ್ನ ಸುಳ್ಳುಗಾರನ್ನ ಮಾಡ್ಲಾ?"

"ನೀನು ಸತ್ರೆ ಸಾಕ್ಷಿ ನಿಜ ಆಯ್ತದಾ?"



ಒಂದು ಭಾನುವಾರ ಎನ್. ಬೇಗೂರಿನ ವೀರಮ್ಮ, ಅಂಥದೇ ಮಂಕು ಹಿಡಿದಿದ್ದ, ಕಾಲೇಜು ಓದುವ ಮಗಳು ಸ್ಪಂದನಾಳನ್ನು ಸಭೆಗೆ ಕರೆತಂದಳು. ಕರ್ಚೀಪು ಬಿಚ್ಚಿ, ಮಗಳ ಮಾತ್ರೆ ಶೀಟು ತೆಗೆದು ಪ್ರಾರ್ಥನೆಯ ಮೇಜಿನ ಮೇಲಿಟ್ಟಳು.

"ನಿಮ್ಮ ಸಾಕ್ಷಿ ಕೇಳಿದ್ ದಿನ್ವೇ ನಿಲ್ಸ್‌ಬುಟ್ಟೆ ಕಣಕ್ಕ. ಇದು ದೇವ್ರಿಗೆ ಕಾಣಿಕೆ."

ಹುಡುಗಿ ಮೆಲ್ಲಗೆ ಕೇಳಿದಳು: "ಅಕ್ಕ, ನಿಮ್ಗೆ ಆಮೇಲೆ ನಿದ್ದೆ ಬಂತಾ? ನಂಗೆ ಬತ್ತಿಲ್ಲ. ನಂಬ್ಕೆ ಸಾಲ್ದು ಅಂತದೆ ನಮ್ಮವ್ವ."

ಸೋಮಮ್ಮನ ಕೈ ಅವಳ ನೆತ್ತಿವರೆಗೆ ಹೋಗಿ ನಿಂತಿತು.

"ನಂಗೂ ನಿದ್ದೆ ಇಲ್ಲ ಕಣವ್ವ. ನಾನು ವಾಸಿ ಆಗಿಲ್ಲ. ಡಾಕ್ಟರ್‌ನ ಕೇಳ್ದೆ ಮಾತ್ರೆ ಬುಡಬ್ಯಾಡ."

ವೀರಮ್ಮ ನಕ್ಕಳು. "ನಮ್ಮ ನಂಬ್ಕೆ ಪರೀಕ್ಷೆ ಮಾಡ್ತಾವ್ರೆ, ನೋಡು."

"ನಮ್ಮ ಸೋಮಮ್ಮಂಗೆ ತಗ್ಗಿ ನಡೆಯೋ ಬುದ್ಧಿ ಜಾಸ್ತಿ," ಅಂದರು ಅಯ್ಯನವರು.

ನಿಜ ಹೇಳಿದರೂ ಅದನ್ನೇ ದೊಡ್ಡತನ ಅಂದುಕೊಂಡರು. ಆಗ ಸೋಮಮ್ಮ ಮೇಜಿನ ಮೇಲಿದ್ದ ಶೀಟು ಎತ್ತಿ ಹುಡುಗಿಯ ಅಂಗೈಗಿಟ್ಟು ಬೆರಳು ಮಡಿಸಿದಳು.

"ದೇವ್ರಿಗೆ ಇಟ್ಟಿದ್ದನ್ನ ಎತ್ಕೊಂಡ್ಳಲ್ರೀ! ಇವಳೊಳಗೆ ಏನೋ ಹೊಕ್ಕದೆ!" ಅಂತ ವೀರಮ್ಮ ಕೂಗಿದಳು.

ಅಯ್ಯನವರ ಮುಖ ಕಪ್ಪಿಟ್ಟಿತು. "ಬಾಯಿ ತಪ್ಪಿ ಬಂತು ಅಂತ ಹೇಳಮ್ಮ. ನಿನ್ನ ನಂಬ್ಕೊಂಡು ಎಷ್ಟು ಜನ ಅವ್ರೆ."

"ಅದ್ಕೇ ಹೇಳ್ದೆ, ಅಯ್ಯ."

ವೀರಮ್ಮ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಹುಡುಗಿಯ ಮುಷ್ಟಿ ಬಿಗಿಯಾಗೇ ಇತ್ತು. ಅದರಲ್ಲಿದ್ದದ್ದು ಬೇಗೂರು ಮುಟ್ಟಿತೋ, ದಾರಿಯ ಚರಂಡಿ ಸೇರಿತೋ, ಯಾರೂ ಬಂದು ಹೇಳಲಿಲ್ಲ.

ಅಲ್ಲಿಂದಾಚೆ ಸೋಮಮ್ಮನ ಜಗಲಿ ಯಾರೂ ತುಳಿಯಲಿಲ್ಲ. ಅಕ್ಕ ಅಕ್ಕ ಅನ್ನುತ್ತಿದ್ದವರು ಕೊಳಾಯಿ ಹತ್ತಿರ ಕೊಡ ಎತ್ತಿಕೊಂಡು ಮುಖ ತಿರುಗಿಸಿದರು. ಸೋಮಮ್ಮ ಪ್ರಾರ್ಥನೆಗೆ ಮಂಡಿಯೂರಿದರೆ "ಸ್ವಾಮಿ" ಅನ್ನುವುದು ಬಿಟ್ಟು ಇನ್ನೊಂದು ಮಾತು ಹುಟ್ಟದು. ಮಂಗಳವಾರ ಸಂಜೆ ಗಂಡನಿಗೆ, "ಇನ್ನು ಯಾರಿಗೋಸ್ಕರ ಬಚ್ಚಿಡ್ಲಿ? ನಡಿ," ಅಂದಳು.

ಬುಧವಾರ, ಮೊದಲ ಬಸ್ಸಿಗೆ, ಸೋಮಮ್ಮ ಮೈಸೂರಿನ ಆಸ್ಪತ್ರೆಗೆ ಹೊರಟಳು. ಜೊತೆಗೆ ಹೋದವನು ಮಾದೇಶ ಒಬ್ಬನೇ.