ಎಂಜಲು ಟೈರು

"ಏನೋ ಇದು, ನಿಮ್ಮಪ್ಪನ ತಲೇನಾ? ರಿಮ್ಮು ತೊಳಿಯೋ ಅಂದ್ರೆ ಮೇಲ್ಮೇಲೆ ನೆಕ್ಕಿ ಕಳಿಸಿದ್ದೀಯಲ್ಲೋ ಬೋಳಿಮಗನೇ!"

ಮ್ಯಾನೇಜರ್ ರಿಮ್ಮನ್ನು ಷೂ ತುದಿಯಿಂದ ಒದ್ದ. ಅದು ಸಿಮೆಂಟ್ ನೆಲದ ಮೇಲೆ ಗಿರಗಿರನೆ ತಿರುಗಿ ನನ್ನ ಸೀಮೆಎಣ್ಣೆ ಬಕೆಟ್ಟಿಗೆ ಬಡಿದು ಮಲಗಿತು. ಎಣ್ಣೆ ಚೆಲ್ಲಿ ನನ್ನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಯಿತು.

"ಒಳಗಿನ ಅಂಚಲ್ಲಿ ಕರಿ ಹಂಗೇ ಇದೆ. ಕಣ್ಣು ಹೋಗಿದ್ಯಾ?"

"ಇನ್ನೊಂದ್ಸಲ ಕೆರೀತೀನಿ ಸಾರ್."

"ಕೆರಿ. ಉಗುರಲ್ಲಿ ಕೆರಿ. ಪುಕ್ಸಟ್ಟೆ ಟೈರ್ ಬೇಕು, ಮೈ ಬಗ್ಗಿಸೋಕೆ ಮಾತ್ರ ಆಗಲ್ಲ, ಅಲ್ವಾ?"

ಪುಕ್ಸಟ್ಟೆಯಂತೆ! ಅವನ ಬಾಯಿಗೆ ಆ ಸೀಮೆಎಣ್ಣೆಯನ್ನೇ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ. ಕೂತು ಕೆರೆದೆ.

ನಮ್ಮದು ಒಂದೇ ಗಾಡಿಯ ತಂಡ. ಚಕ್ರಗಳು ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಬ್ಬರೇ ಕೂರುವ ರೇಸ್ ಗಾಡಿ. ಚಿಕ್ಕಪ್ಪ ತನ್ನ ಲೇತ್ ಅಂಗಡಿಯ ಹಿಂದೆ ಅಲ್ಲಿಂದಿಲ್ಲಿಂದ ತಂದ ಸಾಮಾನು ಜೋಡಿಸಿ ಅದನ್ನು ಕಟ್ಟಿದ್ದ. ಅಪ್ಪ ಹೋದ ಮೇಲೆ ನನ್ನನ್ನೂ ತಂಗಿಯನ್ನೂ ಸಾಕಿದವನು ಅವನೇ. ತಂಗಿ ಗಾಡಿ ಓಡಿಸುತ್ತಾಳೆ. ನಾನು ಟೈರು ನೋಡಿಕೊಳ್ಳುತ್ತೇನೆ. ನೋಡಿಕೊಳ್ಳುವುದೇನು ಬಂತು, ಬೇರೆಯವರ ರಿಮ್ಮು ತೊಳೆಯುತ್ತೇನೆ.

ಈ ಮ್ಯಾನೇಜರನ ದೊಡ್ಡ ತಂಡದವರನ್ನು ನಾವು ದೊಡ್ಮನೆಯವರು ಎನ್ನುತ್ತೇವೆ. ಅವರು ಹೊಸ ಟೈರು ಹಾಕಿ ನಾಲ್ಕು ಸುತ್ತು ಓಡಿಸುತ್ತಾರೆ, ಬಿಸಾಡುತ್ತಾರೆ. ಬಿಸಾಡಿದ್ದು ನಮಗೆ. ಟೈರು ನಮಗಾದರೂ ಅದು ಕೂತ ರಿಮ್ಮು ಅವರದು. ಹಾಗಾಗಿ ಟೈರು ಬಿಡಿಸಿಕೊಂಡು, ರಿಮ್ಮಿಗಂಟಿದ ರಬ್ಬರು ಕೆರೆದು, ಫಳಫಳ ಹೊಳೆಯುವ ಹಾಗೆ ತೊಳೆದು ಅವರ ಬಾಗಿಲಿಗೆ ಹೊತ್ತು ಹಾಕಬೇಕು. ಶೆಡ್ಡುಗಳ ಸಾಲಿನ ಕೊನೆಗೆ, ಕಕ್ಕಸಿನ ಪಕ್ಕಕ್ಕೆ ತಳ್ಳಿಸಿಕೊಂಡಿರುವ ಎಲ್ಲ ತಂಡಗಳ ಬಾಳೂ ಇದೇ. ನಮ್ಮನ್ನೆಲ್ಲ ಅವರು ಕರೆಯುವುದು ಎಂಜಲು ಟೀಮು ಅಂತ. ತಂಗಿ ತೊಡುವ ಸೂಟು ಕೂಡ ಅವರು ಬಿಟ್ಟದ್ದೇ. ಅಮ್ಮ ಸೊಂಟ ಹಿಡಿದು ಹೊಲಿದು, ಎದೆಯ ಮೇಲಿದ್ದ ಅವರ ಗುರುತನ್ನು ಬಿಚ್ಚಿ ತೆಗೆದಿದ್ದಳು. ತೆಗೆದ ಜಾಗದಲ್ಲಿ ಬಟ್ಟೆಯ ಬಣ್ಣ ಇನ್ನೂ ಗಾಢವಾಗಿಯೇ ಇತ್ತು, ಗುರುತು ಹೋಗಿರಲಿಲ್ಲ.

ಆ ಮಧ್ಯಾಹ್ನ ಟೈಮಿಂಗ್ ಇತ್ತು. ಎಲ್ಲರೂ ಒಂದೊಂದು ಸುತ್ತು ಜೋರಾಗಿ ಓಡಿಸಬೇಕು. ಬೇಗ ಮುಗಿಸಿದವರು ಮಾರನೇ ದಿನದ ಓಟದಲ್ಲಿ ಮುಂದೆ ನಿಲ್ಲುತ್ತಾರೆ. ಬಾವುಟದ ಅಧಿಕಾರಿ ಎಂದಿನಂತೆ ನಮ್ಮ ಸಾಲಿಗೆ ಬಂದು ಕೈ ಬೀಸಿದ.

"ಹೂಂ, ಚಿಲ್ಲರೆಗಳೆಲ್ಲಾ ಮೊದ್ಲು ಹೋಗಿ ಮುಗಿಸ್ಕೊಂಡ್ ಬನ್ನಿ. ಆಮೇಲೆ ದೊಡ್ಡೋರಿಗೆ ಅಡ್ಡ ಬಂದೀರಾ, ಜೋಕೆ."

ತಂಗಿ ಹೋದಳು. ಎಂಜಲು ಟೈರಿನ ಮೇಲೆಯೇ ಹೋದಳು. ಅವಳು ಓಡಿಸಿದ್ದನ್ನು ಏನಂತ ಹೇಳಲಿ, ಟ್ರ್ಯಾಕಿನ ಪಕ್ಕದ ಗೋಡೆಯ ಹತ್ತಿರ ಬಂದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಅವಳು ಒಳಗೆ ಬಂದು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮಳೆ ಹಿಡಿಯಿತು. ಹೊಸ ಟೈರುಗಳಿಗೆ ಕಂಬಳಿ ಹೊದಿಸಿ, ಬೆಚ್ಚಗೆ ಕಾಯಿಸಿ ಇಟ್ಟುಕೊಂಡು ಕೂತಿದ್ದ ದೊಡ್ಮನೆಯವರೆಲ್ಲ ನೀರಿನಲ್ಲಿ ಜಾರುತ್ತಾ ಸುತ್ತು ಹಾಕಿ ಬಂದರು. ಸಂಜೆ ಪಟ್ಟಿ ಅಂಟಿಸಿದಾಗ, ತಂಗಿಯ ಹಿಂದೆಯೇ ಹೊರಟು ಮಳೆ ತಪ್ಪಿಸಿಕೊಂಡಿದ್ದ ಬೇರೊಂದು ದೊಡ್ಡ ತಂಡದ ಗಾಡಿ ಮೊದಲು, ತಂಗಿ ಎರಡನೆಯವಳು. ದೊಡ್ಮನೆಯ ಯಜಮಾನರ ಮಗ, ಎಲ್ಲರೂ ಚಿಕ್ಕ ಧಣಿ ಅನ್ನುವವನು, ಅವಳ ಹಿಂದೆ.

"ಅಣ್ಣಾ, ನನ್ನ ಗಿಲ್ಲು ನೋಡೋಣ," ಎಂದು ತೋಳು ಚಾಚಿದಳು ತಂಗಿ. ಗಿಲ್ಲಿದೆ. "ಅಯ್ಯೋ ಕತ್ತೆ, ಇಷ್ಟು ಜೋರಾಗಾ?" ಎಂದು ನಕ್ಕಳು. ಚಿಕ್ಕಪ್ಪ ಮಾತ್ರ ನಗಲಿಲ್ಲ. ದೊಡ್ಮನೆಯವರು ಸುಮ್ಮನೆ ಬಿಡುವುದಿಲ್ಲ ಅಂತ ಅವನಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಹೊತ್ತು ಮುಳುಗುವ ಮೊದಲು ಮ್ಯಾನೇಜರ್ ನಮ್ಮ ಶೆಡ್ಡಿಗೆ ಬಂದ. ಬೆನ್ನ ಹಿಂದೆ ಆಳುಗಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಟೈರು. ಹೊಚ್ಚ ಹೊಸದು.

"ಮೇಸ್ತ್ರಿ," ಎಂದ ಚಿಕ್ಕಪ್ಪನಿಗೆ. ತಂಗಿ ಎದುರಿಗೇ ನಿಂತಿದ್ದರೂ ಅವಳ ಕಡೆ ನೋಡಲಿಲ್ಲ. "ನಮ್ ಚಿಕ್ಕ ಧಣಿ ಎರಡನೇದು ಬಂದೇ ಬರಬೇಕು. ಯಜಮಾನ್ರು ಬರ್ತಿದ್ದಾರೆ ನೋಡೋಕೆ. ನಾಳೆ ಮೊದಲ್ನೇ ತಿರುವಲ್ಲಿ ನಿಮ್ ಹುಡುಗಿ ಒಂಚೂರು ದಾರಿ ಬಿಟ್ಬಿಡ್ಲಿ. ಇವು ನಾಲ್ಕೂ ನಿಮಗೇ. ರಿಮ್ಮು ತೊಳಿಯೋದೂ ಬೇಡ."

"ಸಾರ್..."

"ಬಿಡಲ್ಲ ಅಂದ್ರೆ ಬಲವಂತ ಇಲ್ಲಪ್ಪ. ನಾಳಿದ್ದಿಂದ ಎಂಜಲೂ ಸಿಗಲ್ಲ, ಅಷ್ಟೇ. ಬರಿ ರಿಮ್ಮಲ್ಲಿ ಓಡಿಸ್ಕೊಳ್ಳಿ."

ಬಾವುಟದ ಅಧಿಕಾರಿ ಬಾಗಿಲಲ್ಲಿ ನಿಂತು ಕಿವಿ ಕೆರೆದುಕೊಳ್ಳುತ್ತಿದ್ದ. ಎಲ್ಲ ಕೇಳಿಸಿಕೊಂಡಿದ್ದ. "ಹೊಂದ್ಕೊಂಡ್ ಹೋಗಿ ಮೇಸ್ತ್ರಿ, ಮುಂದಕ್ಕೂ ಆಗುತ್ತೆ," ಎಂದ.

ಚಿಕ್ಕಪ್ಪ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಆಯ್ತು ಸಾರ್," ಎಂದ.

ಅವರು ಹೋದ ಮೇಲೆ ನಾನು ಆ ಟೈರುಗಳ ಮುಂದೆ ಕುಕ್ಕರಗಾಲಲ್ಲಿ ಕೂತೆ. ಹೊಸ ಟೈರಿನ ಮೈಮೇಲೆ ಹಸುಗೂಸಿನ ಕೂದಲಿನ ಹಾಗೆ ಸಣ್ಣ ಸಣ್ಣ ರಬ್ಬರಿನ ಎಳೆಗಳಿರುತ್ತವೆ. ಇಷ್ಟು ವರ್ಷ ಟೈರಿನ ಕೆಲಸ ಮಾಡಿದರೂ ನಾನು ಅದನ್ನು ಮುಟ್ಟಿ ನೋಡಿರಲಿಲ್ಲ. ನಮ್ಮ ಕೈಗೆ ಬರುವಷ್ಟರಲ್ಲಿ ಅವೆಲ್ಲ ಉಜ್ಜಿ ಹೋಗಿರುತ್ತಿದ್ದವು. ಬೆರಳಾಡಿಸಿದೆ. ಮತ್ತೆ ಮತ್ತೆ ಆಡಿಸಿದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು, ಆದರೂ ಕೈ ತೆಗೆಯಲಾಗಲಿಲ್ಲ.

"ಯಾಕೆ ಒಪ್ಕೊಂಡೆ ಚಿಕ್ಕಪ್ಪ?" ತಂಗಿ ಕೇಳಿದಳು.

"ಇನ್ನೇನ್ ಮಾಡ್ಲೇ? ಅವರು ಉಗುಳಿದ್ದು ತಿಂದೇ ಇಲ್ಲೀತನಕ ಬಂದಿರೋದು. ಒಂದ್ ಜಾಗ ಬಿಟ್ರೆ ಮೂರನೇದು ಆಗ್ತೀಯ. ಮೂರನೇದು ಅಂದ್ರೆ ಕಮ್ಮಿನಾ?"

"ನಿಜವಾಗ್ಲೂ ಓಡಿಸಿ ಸೋತು ಮೂರನೇದು ಆದ್ರೆ ಕಮ್ಮಿ ಅಲ್ಲ."

"ನಾಳಿದ್ದು ಟೈರ್ ಇಲ್ದೇ ಇದ್ರೆ ಏನೇ ಓಡಿಸ್ತೀಯ? ನನ್ ಬೆನ್ನು ಓಡಿಸ್ತೀಯಾ?"

ತಂಗಿ ಗಾಡಿ ಹೇರಿಕೊಂಡು ಬಂದಿದ್ದ ಟ್ರಕ್ಕಿನ ಹಿಂದಕ್ಕೆ ಹೋಗಿ ಮಲಗಿದಳು. ಹಿರಿಯರ ಮಾತು ಆಗಿಹೋಗಿತ್ತು.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ನಾನು ಮೊದಲ ಹೊಸ ಟೈರನ್ನು ನಮ್ಮ ರಿಮ್ಮಿಗೆ ಕೂರಿಸಲು ಅಂಚಿಗೆ ಸೋಪಿನ ನೀರು ಬಳಿಯುತ್ತಿದ್ದೆ. ತಂಗಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಹಾಕ್ಬೇಡ ಅಣ್ಣ."

"ಚಿಕ್ಕಪ್ಪ ಮಾತು ಕೊಟ್ಟಿದ್ದಾನೆ ಕಣೇ."

"ಚಿಕ್ಕಪ್ಪ ಕೊಟ್ಟಿದ್ದಾನೆ. ಸ್ಟೇರಿಂಗ್ ಹಿಡಿಯೋಳು ನಾನು. ನಾನ್ ದಾರಿ ಬಿಡಲ್ಲ. ಬಿಡ್ದೇ ಇದ್ದು ಅವರ ಟೈರ್ ಹಾಕ್ಕೊಂಡ್ರೆ ನನ್ನ ಕಳ್ಳಿ ಅಂತಾರೆ. ಹಳೇದೇ ಹಾಕು."

"ಹಳೇದು ಕೊನೇತನಕ ಬರಲ್ಲ ಪುಟ್ಟಿ. ಎಡಗಡೆ ಮುಂದಿಂದು ನೋಡಿದ್ಯಾ? ಅಪ್ಪಳದ ಥರ ಆಗಿದೆ."

"ಎಷ್ಟು ಬರುತ್ತೋ ಅಷ್ಟು ಬರ್ಲಿ."

ಅವಳ ಮುಖ ನೋಡಿದೆ. ಚಿಕ್ಕವಳಿದ್ದಾಗ ಜ್ವರದ ಔಷಧಿ ಬಾಯಿಗೆ ಹಾಕಿದರೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದಳಲ್ಲ, ಅದೇ ಮುಖ. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಜಾಸ್ತಿ ಏನೋ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹಳೆಯ ಟೈರು ಹಾಕಿ ಮುಗಿಸಿದೆ. ಆಮೇಲೆ ಒಂದೊಂದು ಕೈಯಲ್ಲಿ ಒಂದೊಂದು ಹೊಸ ಟೈರು ಹಿಡಿದು, ಉರುಳಿಸಿಕೊಂಡು, ಶೆಡ್ಡುಗಳ ಸಾಲಿನ ನಟ್ಟನಡುವೆ ನಡೆದೆ. ನಮ್ಮ ಸಾಲಿನವರು ಕೈಯಲ್ಲಿದ್ದ ರಿಮ್ಮು ಕೆಳಗಿಟ್ಟು ನೋಡಿದರು. "ಏನ್ಲಾ, ಬೇಡ್ವಂತಾ?" ಎಂದು ಒಬ್ಬ ಕೂಗಿದ. "ಅರಗಲ್ವಂತೆ!" ಎಂದೆ. ಸಾಲಿಗೆ ಸಾಲೇ ಗೊಳ್ಳೆಂದಿತು. ದೊಡ್ಮನೆಯ ಬಾಗಿಲಲ್ಲಿ ಟೈರುಗಳನ್ನು ಕೈಬಿಟ್ಟೆ. ಒಂದು ನೇರ ಒಳಗೆ ಹೋಗಿ ಯಜಮಾನರಿಗೆಂದು ಹಾಕಿದ್ದ ಕುರ್ಚಿಗೆ ಬಡಿಯಿತು. ವಾಪಸ್ ಹೋಗಿ ಮಿಕ್ಕವನ್ನೂ ತಂದು ಬಿಟ್ಟೆ.

ಮ್ಯಾನೇಜರ್ ಕೂಗಾಡಲಿಲ್ಲ. "ಸರಿ. ಓಟ ಮುಗೀಲಿ," ಎಂದ, ಅಷ್ಟೇ.

ನಾನು ಶೆಡ್ಡಿಗೆ ಬರುತ್ತಿದ್ದಂತೆ ಚಿಕ್ಕಪ್ಪ ಕೆನ್ನೆಗೆ ಬಾರಿಸಿದ. "ಹಾಳಾಗೋಗು! ಮನೇಗೆ ಕೊಳ್ಳಿ ಇಟ್ಟ್ಯಲ್ಲೋ!" ಎಂದ. ಹೊಡೆದ ಕೈಯಿಂದಲೇ ಕಣ್ಣು ಒರೆಸಿಕೊಂಡು, ಹೋಗಿ ತಂಗಿಯ ಬೆಲ್ಟನ್ನು ಎಳೆದು ಬಿಗಿ ಮಾಡಿದ.

ಓಟ ಶುರುವಾಯಿತು. ಎಲ್ಲರಿಗಿಂತ ಮುಂದಿದ್ದ ಬೇರೊಂದು ದೊಡ್ಡ ತಂಡದ ಗಾಡಿ ಬಾಣ ಬಿಟ್ಟಂತೆ ಹೋಯಿತು. ಮೊದಲನೇ ತಿರುವಿನಲ್ಲಿ ಚಿಕ್ಕ ಧಣಿ ಟೈರು ವಾಪಸಾದದ್ದು ಯಾರೂ ಹೇಳಿರಲಿಲ್ಲವೋ ಏನೋ, ಎಲ್ಲ ಮಾತಾಗಿದೆ ಎನ್ನುವ ಹಾಗೆ ನಿರಾಳವಾಗಿ ತಂಗಿಯ ಒಳಗಡೆ ಮೂತಿ ತೂರಿಸಿದ. ಅಲ್ಲಿ ಜಾಗ ಇರಲಿಲ್ಲ. ತಂಗಿ ಮುಚ್ಚಿಬಿಟ್ಟಿದ್ದಳು. ಅವನು ಬ್ರೇಕ್ ತುಳಿದ ಹೊಗೆ ನಮ್ಮ ಗೋಡೆಯವರೆಗೂ ಬಂತು.

ಸುತ್ತಿನ ಮೇಲೆ ಸುತ್ತು ಅವನು ಅವಳ ಬಾಲ ಹಿಡಿದೇ ಬಂದ. ನೇರ ರಸ್ತೆಯಲ್ಲಿ ಹತ್ತಿರ ಬರುತ್ತಿದ್ದ, ತಿರುವಿನಲ್ಲಿ ಅವಳು ಸೇರಿಸುತ್ತಿರಲಿಲ್ಲ. ಯಜಮಾನರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

ದೊಡ್ಮನೆಯವರು ಓಡಿಸುವವನ ಕಿವಿಯೊಳಗೇ ಮಾತಾಡುತ್ತಾರೆ. ನಮ್ಮ ಹತ್ತಿರ ಆ ಯಂತ್ರ ಇಲ್ಲ. ಏನೇ ಹೇಳುವುದಿದ್ದರೂ ಗೋಡೆಯ ಆಚೆ ಹಲಗೆ ಚಾಚಿ ತೋರಿಸಬೇಕು. ಹಲಗೆ ಹಿಡಿದು ನಿಂತವನು ನಾನು. ಕೊನೆಯ ಕೆಲವು ಸುತ್ತು ಉಳಿದಿದ್ದಾಗ ತಂಗಿ ಹಾದುಹೋದಳು, ಎಡಗಡೆಯ ಮುಂದಿನ ಟೈರಿನಲ್ಲಿ ಒಂದು ಬಿಳಿ ಪಟ್ಟೆ ಕಂಡಿತು. ರಬ್ಬರು ತೀರಿ ಒಳಗಿನ ದಾರ ಹೊರಬಂದಿತ್ತು.

ಅದನ್ನು ಮ್ಯಾನೇಜರ್ ಕೂಡ ಕಂಡಿದ್ದ. ಓಡೋಡಿ ಬಂದ. ಹಿಂದೆಯೇ ಅವನ ಆಳುಗಳು ಹೊಸ ಟೈರು ಹೊತ್ತುಕೊಂಡು ಬಂದರು. ಈ ಸಲ ರಿಮ್ಮಿಗೆ ಕೂರಿಸಿ, ಗಾಳಿ ತುಂಬಿಸಿ ತಂದಿದ್ದರು.

"ಕರೆಯಪ್ಪಾ ಅವಳ್ನ! ಟೈರ್ ಒಡೆದು ಸಾಯ್ತಾಳೆ ಹುಡುಗಿ! ಒಳಗೆ ಕರೀರಿ, ನಾಲ್ಕೂ ನಾವೇ ಹಾಕ್ಕೊಡ್ತೀವಿ, ಪುಕ್ಸಟ್ಟೆ! ಕಾಲಿಗ್ ಬೀಳ್ಬೇಕಾ?"

ಬೆಳಿಗ್ಗೆವರೆಗೂ ಲೋ ಅಂದವನು ಈಗ ಅಪ್ಪಾ ಅನ್ನುತ್ತಿದ್ದ. ಅವಳು ಒಳಗೆ ಬಂದು ನಿಂತಳೋ, ಅಷ್ಟರಲ್ಲಿ ಚಿಕ್ಕ ಧಣಿ ಮುಂದೆ. ಅದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆ ಟೈರು ಒಡೆಯುವುದೇ. ಅವಳು ನನ್ನ ತಂಗಿ. ನಾನು ಹಲಗೆಯ ಮೇಲೆ 'ಒಳಗೆ ಬಾ' ಎಂದು ಅಕ್ಷರ ಸಿಕ್ಕಿಸಿ ಗೋಡೆಯಾಚೆ ಚಾಚಿದೆ. ಎರಡೂ ಕೈಯಲ್ಲಿ ಚಾಚಿದೆ.

ಅವಳು ಬಂದಳು. ನೋಡಿದಳು. ಸ್ಟೇರಿಂಗಿನಿಂದ ಒಂದು ಕೈ ಎತ್ತಿ, ಬೇಡ ಬೇಡ ಎನ್ನುವಂತೆ ಆಡಿಸಿ, ಹೊರಟೇ ಹೋದಳು.

"ಇನ್ನೊಂದ್ಸಲ ತೋರಿಸೋ! ಇನ್ನೂ ಎರಡು ಸುತ್ತಿದೆ!" ಮ್ಯಾನೇಜರ್ ನನ್ನ ಭುಜ ಹಿಡಿದು ಅಲುಗಾಡಿಸಿದ.

ಚಿಕ್ಕಪ್ಪ ನನ್ನ ಕೈಯಿಂದ ಹಲಗೆ ಕಿತ್ತುಕೊಂಡ. ಗೋಡೆಯ ಬುಡದಲ್ಲಿ ಅದನ್ನು ಹಾಸಿ ಅದರ ಮೇಲೆ ಕೂತುಬಿಟ್ಟ.

"ಏಯ್ ಮೇಸ್ತ್ರಿ! ತಲೆ ಕೆಟ್ಟಿದ್ಯಾ? ಎದ್ದೇಳು!"

"ಅವಳು ಬೇಡ ಅಂದ್ಲಲ್ಲ ಸಾರ್."

"ಸತ್ರೆ ಯಾರೋ ಜವಾಬ್ದಾರಿ?"

"ಬೇಡ ಅಂದ್ಲು ಸಾರ್. ನೀವೂ ನೋಡಿದ್ರಿ."

ಚಿಕ್ಕಪ್ಪನ ಬಾಯಲ್ಲಿ ಆ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೆಳಗಿದ್ದ ಹಲಗೆ ನೆಲಕ್ಕೆ ಟಕಟಕ ಬಡಿದುಕೊಳ್ಳುತ್ತಿತ್ತು. ಆದರೂ ಏಳಲಿಲ್ಲ.

ಕೊನೆಯ ಸುತ್ತಿನಲ್ಲಿ, ಓಟ ಮುಗಿಯುವ ಗೆರೆಗೆ ಮೊದಲಿನ ತಿರುವಿನಿಂದ ಹೊರಬರುವಾಗ ಟೈರು ಒಡೆಯಿತು. ಢಂ ಎಂದದ್ದು ಇಲ್ಲಿಗೇ ಕೇಳಿಸಿತು. ಗಾಡಿ ಎಡಕ್ಕೆ ವಾಲಿತು, ರಬ್ಬರಿನ ಚೂರುಗಳು ಮೇಲಕ್ಕೆ ಹಾರಿದವು. ನಾನು ಕಿರುಚಿದೆ. ಅವಳು ಗಾಡಿಯನ್ನು ಎಳೆದು ತಂದು ನೆಟ್ಟಗೆ ಮಾಡಿದಳು. ಬರಿ ರಿಮ್ಮು ನೆಲಕ್ಕೆ ಉಜ್ಜಿ ಕಿಡಿ ಕಾರುತ್ತಿತ್ತು.

ಬಾವುಟದ ಅಧಿಕಾರಿ ಗೋಡೆ ಹತ್ತಿ, ಪಕ್ಕಕ್ಕೆ ಸರಿ ಎನ್ನುವ ನೀಲಿ ಬಾವುಟವನ್ನು ಕೈ ಕೀಳುವ ಹಾಗೆ ಬೀಸತೊಡಗಿದ. ಚಿಕ್ಕ ಧಣಿ ಬಲಕ್ಕೆ ನುಗ್ಗಿದ, ಅವಳು ಬಲಕ್ಕೆ ಬಂದಳು. ಅವನು ಎಡಕ್ಕೆ ಹೊರಳಿದ. ಗಾಡಿಯೇ ಎಳೆಯಿತೋ ಅವಳೇ ತಿರುಗಿಸಿದಳೋ, ಎಡಕ್ಕೂ ಅವಳೇ ಅಡ್ಡ ಇದ್ದಳು. ಯಜಮಾನರು ಏನೋ ಅರಚುತ್ತಿದ್ದರು. ನಮ್ಮ ಕೊನೆಯ ಸಾಲಿನವರೆಲ್ಲ ಕರಿ ಮೆತ್ತಿದ ಕೈಯಲ್ಲೇ ಓಡಿಬಂದು ಗೋಡೆಗೆ ಜೋತುಬಿದ್ದರು.

"ಸರಿಯೇ ಪಕ್ಕಕ್ಕೆ, ಸರಿಯೇ ಮುಂಡೆ!" ಅಧಿಕಾರಿ ಬಾವುಟ ಬೀಸುತ್ತಲೇ ಇದ್ದ.

ಗೆರೆ ಇನ್ನೂ ದೂರ ಇತ್ತು. ತಂಗಿ ಮೂರು ಚಕ್ರದ ಮೇಲೆ ರಸ್ತೆಯ ನಡುಮಧ್ಯದಲ್ಲೇ ಬರುತ್ತಿದ್ದಳು.