ಹನ್ನೊಂದನೇ ಅಧ್ಯಾಯದಲ್ಲಿ ಗೆಣಸು

೧
ಎಲ್ಲಿಂದ ಶುರು ಮಾಡುವುದು? ಹೊಲದಿಂದಲೇ ಮಾಡಬಹುದು. ಅಕ್ಟೋಬರ್ ಮೂರನೇ ವಾರ, ಖಾನಾಪುರದ ಕೆಂಪು ನೆಲ ಇನ್ನೂ ಹಸಿಯಾಗಿದೆ. ಗೆಣಸಿನ ಬಳ್ಳಿ ಕೊಯ್ದು ಬದುವಿಗೆ ಒಟ್ಟಿದ್ದಾಗಿದೆ, ಆರು ಜನ ಹೆಂಗಸರು ಬೆನ್ನು ಬಾಗಿಸಿ ಅಗೆಯುತ್ತಿದ್ದಾರೆ. ಒಳ್ಳೆಯ ಶುರು. ತೊಂದರೆ ಏನೆಂದರೆ, ನಮ್ಮ ಕಥಾನಾಯಕ ಉಳವಪ್ಪ ಅಲ್ಲಿಲ್ಲ. ಹೊಲ ಅವನದೇ. ಅವನು ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಇವತ್ತಿನ ಸಾವಿರ ಪದಗಳಲ್ಲಿ ಎಂಟುನೂರಾ ನಲವತ್ತೊಂದನೆಯದನ್ನು ಹುಡುಕುತ್ತಿದ್ದಾನೆ.

(ಉಳವಪ್ಪನನ್ನು ‘ಅವನು’ ಎನ್ನುವುದೇ ಕ್ಷೇಮ. ‘ನಾನು’ ಎಂದುಬಿಟ್ಟರೆ ಅವನ ಅತ್ತಿಗೆ ರೇಣವ್ವ ಗುರುತು ಹಿಡಿದಾಳು.)

೨
ಉಳವಪ್ಪ ಕಾದಂಬರಿ ಬರೆಯುತ್ತಾನೆ, ತಾನೇ ಅಚ್ಚು ಹಾಕಿಸುತ್ತಾನೆ, ಮೋಟಾರ್‌ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಓದುಗರ ಮನೆಗೇ ಮುಟ್ಟಿಸುತ್ತಾನೆ. ನಡುವೆ ಪ್ರಕಾಶಕ ಎಂಬ ಪ್ರಾಣಿ ಇಲ್ಲ. ಮೊದಲೆರಡು ಪುಸ್ತಕಕ್ಕೆ ನಾಲ್ಕು ನಾಲ್ಕು ವರ್ಷ ಹಿಡಿದವು. ಮೂರನೆಯದು ಹಾಗಾಗಬಾರದೆಂದು ಮೊಬೈಲಿನಲ್ಲಿ ಒಂದು ಫ್ರೀ ಕೋರ್ಸ್ ಮಾಡಿದ: ದಿನಕ್ಕೆ ಸಾವಿರ ಪದ, ಬಿಡದೆ ತೊಂಬತ್ತು ದಿನ. ಗೋಡೆಯ ಕ್ಯಾಲೆಂಡರಿನಲ್ಲಿ ಎಂಬತ್ತೊಂಬತ್ತು ಕೆಂಪು ಗುರುತು ಬಿದ್ದಿವೆ. ಇನ್ನೂರಾ ಹದಿನಾಲ್ಕು ಓದುಗರಿಗೆ ವಾಟ್ಸಾಪ್ ಮಾಡಿಯೂ ಆಗಿದೆ: ರಾಜ್ಯೋತ್ಸವಕ್ಕೆ ಪುಸ್ತಕ ನಿಮ್ಮ ಕೈಯಲ್ಲಿ. ಮಾತು ಉಳಿಯಬೇಕಾದರೆ ಇವತ್ತು ಸಂಜೆಯೊಳಗೆ ಬೆಳಗಾವಿಯಲ್ಲಿ ಡಿಟಿಪಿ ಮಾಡುವ ಮಹೇಕಳಿಗೆ ಎಲ್ಲ ಅಧ್ಯಾಯ ಮುಟ್ಟಬೇಕು.

ರೇಣವ್ವ ನೀರಿನ ಕೊಡಕ್ಕೆಂದು ಮನೆಗೆ ಬಂದಳು.

“ಏನಪಾ ಮೈದನಾ, ಇವತ್ತರ ಹೊಲಕ್ಕ ಬರ್ತೀಯೋ, ಇಲ್ಲಾ ಗೆಣಸ ತಾವ ಎದ್ದ ಮನಿಗೆ ಬರಬೇಕೋ?”

“ಇನ್ನ ನೂರಾ ಅರವತ್ತ ಪದಾ ಅದಾವ್ರಿ ವೈನಿ.”

“ಮೊದಲ ನಾವು ಊಟಕ್ಕ ಕುಂತಾಗ ಬರದಿದ್ದ ಓದಿ ತೋರಸ್ತಿದ್ದಿ. ಈಗ ಏನ ಬರ್ಯಾಕತ್ತಿ ಅನ್ನೂದು ನಮಗೂ ಗೊತ್ತಿಲ್ಲ. ನಿನಗರ ಗೊತ್ತೈತೇನು?”

(ಇಲ್ಲಿ ರೇಣವ್ವನ ಕಣ್ಣುಗಳ ಬಗ್ಗೆ ಒಂದು ಪುಟ ಇತ್ತು. ಹೊಡೆದುಹಾಕಲಾಗಿದೆ. ಅವಳು ನೋಡುತ್ತಿದ್ದದ್ದು ಕೊಡವನ್ನು.)

೩
ಬೆಳಗಾವಿ, ಅದೇ ಸಂಜೆ. ಉಳವಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಹೇಕ ಪುಟ ಕಟ್ಟುತ್ತ ಕಟ್ಟುತ್ತ ಹನ್ನೊಂದನೇ ಅಧ್ಯಾಯದಲ್ಲಿ ಕೈ ನಿಲ್ಲಿಸಿದಳು.

“ಅಣ್ಣಾರ, ಒಂದ ಮಾತ ಕೇಳ್ಲಿ? ನಿಮ್ಮ ಕಡೆ ಗೆಣಸಿನ ಎಣ್ಣಿ ತಗೀತಾರ?”

“ಏನಂದಿ ತಂಗಿ?”

“ನೀವ ಬರದೀರಲ್ರಿ. ‘ಶಿವಲಿಂಗವ್ವ ಗಿಡ ಹಿಡಿದು ಜಗ್ಗಿದಳು. ಗೊಂಚಲು ಗೊಂಚಲು ಗೆಣಸು ಮೇಲೆ ಬಂದವು. ಒಂದನ್ನು ಒಡೆದು ಒಳಗಿನ ಎರಡು ಕಾಳು ಬಾಯಿಗೆ ಹಾಕಿಕೊಂಡಳು. ಉಳಿದದ್ದು ಗಾಣಕ್ಕೆ ಹೋಯಿತು.’ ಎರಡ ಕಾಳ ಅಂದ್ರ ಹೆಂಗ್ರೀ ಅಣ್ಣಾರ!”

ಮಹೇಕ ಕೀಬೋರ್ಡಿನ ಮೇಲೆ ತಲೆಯಿಟ್ಟು ನಕ್ಕಳು. ಉಳವಪ್ಪನ ಕಿವಿ ಬಿಸಿಯಾದವು.

ಆದದ್ದು ಇಷ್ಟು. ಐವತ್ತೆರಡನೇ ದಿನ ಒಂದು ಪದವೂ ಹುಟ್ಟಲಿಲ್ಲ. ಎಂದೋ ಬರೆದು ಬಿಟ್ಟಿದ್ದ ಶೇಂಗಾ ಸುಗ್ಗಿಯ ಕಥೆಯೊಂದು ಕಂಪ್ಯೂಟರಿನಲ್ಲಿತ್ತು, ನಾಲ್ಕು ಸಾವಿರ ಪದ. ‘ಶೇಂಗಾ’ ಇದ್ದಲ್ಲೆಲ್ಲ ‘ಗೆಣಸು’ ಹಾಕೆಂದು ಯಂತ್ರಕ್ಕೆ ಹೇಳಿದ. ನಾಲ್ಕು ಕೆಂಪು ಗುರುತು ಒಮ್ಮೆಲೇ ಸಿಕ್ಕವು. ಗೆಣಸಿನ ಹೊಲದಲ್ಲಿ ಹುಟ್ಟಿ ಬೆಳೆದವನು ಆಮೇಲೆ ಅದನ್ನು ತಿರುಗಿ ಓದಲೂ ಇಲ್ಲ.

“ಒಂದ ತಾಸಿನ ಕೆಲಸಾರಿ. ಎಣ್ಣಿ, ಕಾಳು ತಗದ ಒಗೀರಿ, ಪುಸ್ತಕ ವ್ಯಾಳ್ಯಾಕ ಬರ್ತೈತಿ,” ಎಂದು ಮಹೇಕ ಕುರ್ಚಿ ಬಿಟ್ಟುಕೊಟ್ಟಳು.

ಉಳವಪ್ಪ ಕೂತ. ಆಗ ಕಾದಂಬರಿಯ ನಾಯಕಿ ಶಿವಲಿಂಗವ್ವ ಪರದೆಯ ಒಳಗಿಂದಲೇ ಬಾಯಿ ತೆಗೆದಳು. (ನಂಬಬೇಡಿ. ಆದರೂ ಕೇಳಿ.)

“ಎಣ್ಣಿ ಒರಸಿದ್ರ ನಾ ಸುದ್ದ ಆಗ್ತೇನೇನ? ಹನ್ನೊಂದ ಅಧ್ಯಾಯದಾಗ ಒಂದಿನರ ನನಗ ಸೊಂಟ ನೊಂದೈತಿ?”

“ದಿನಾ ತಪ್ಪದ ಬರದೇನಲ್ಲವಾ ನಿನ್ನ.”

“ದಿನಾ ಪದಾ ಎಣಿಸೀದಿ.”

ಅವನು ಕೀಬೋರ್ಡಿನಿಂದ ಕೈ ತೆಗೆದ.

೪
ಕೊನೆ, ಮೊದಲನೆಯದು: ಉಳವಪ್ಪ ಒಂದು ತಾಸು ತಿದ್ದಿದ, ಪುಸ್ತಕ ಬಂತು, ಯಾರಿಗೂ ಏನೂ ಗೊತ್ತಾಗಲಿಲ್ಲ. (ಹೀಗೂ ಆಗಬಹುದಿತ್ತು. ಅವನಿಗೆ ಅಂಜಿಕೆ ಹುಟ್ಟಿಸಿದ್ದೇ ಅದು.)

ಕೊನೆ, ಎರಡನೆಯದು: ಎದ್ದು ಹೋಗಿ ಕಾದಂಬರಿಯಿದ್ದ ಪೆನ್‌ಡ್ರೈವನ್ನು ಬೆಳಗಾವಿ ಕೋಟೆಯ ಕಂದಕಕ್ಕೆ ಎಸೆದ. (ಸಿನಿಮಾ ಆಯಿತು. ಅಲ್ಲದೆ ಪೆನ್‌ಡ್ರೈವ್ ಮಹೇಕಳದು.)

ನಡೆದದ್ದು ಬೇರೆ. “ತಂಗಿ, ಮೊದಲಿನ ಮೂರ ಅಧ್ಯಾಯ ಇರ್ಲಿ. ಅವನ್ನ ಹೊಲದಾಗ ಓದಿ ತೋರಿಸಿ ಬರದಿದ್ದೆ. ಉಳದದ್ದ ಬ್ಯಾಡ,” ಎಂದ.

“ಖರೇನ ಅಣ್ಣಾರ? ಮಂದಿಗೆ ಏನ ಹೇಳ್ತೀರಿ?”

ಹೊರಗೆ ಬಂದು, ಫುಟ್‌ಪಾತಿನ ಮೇಲೆ ನಿಂತು, ಇನ್ನೂರಾ ಹದಿನಾಲ್ಕು ಜನರಿಗೆ ವಾಟ್ಸಾಪಿನಲ್ಲಿ ಹೇಳಿದ: ಪುಸ್ತಕ ರಾಜ್ಯೋತ್ಸವಕ್ಕೆ ಬರುವುದಿಲ್ಲ, ಯಾವಾಗ ಎಂದೂ ಗೊತ್ತಿಲ್ಲ, ತಪ್ಪು ನನ್ನದೇ. ಹತ್ತು ವರ್ಷದಲ್ಲಿ ಒಬ್ಬೊಬ್ಬರನ್ನೇ ಕೂಡಿಸಿಕೊಂಡ ಓದುಗರು, ಹೋದರೆ ಹೋದರು.

ಮೊದಲ ಉತ್ತರ ಹಿಂಡಲಗಾದ ಚನ್ನಬಸಯ್ಯ ಮಾಸ್ತರದು: “ಚಲೋ ಆತು. ಹಿಂದಿನ ಪುಸ್ತಕಾನ ಇನ್ನೂ ಅರ್ಧಾ ಓದೇನಿ. ಗಡಿಬಿಡಿ ಮಾಡಬ್ಯಾಡ್ರಿ.” ಸದಾಶಿವನಗರದ ಮೇಘಾ ಎಂಬ ಓದುಗರದು: “ಅಯ್ಯೋ, ನಾನೂ ಹಿಂದಿನದನ್ನ ಇನ್ನೂ ತೆರದಿಲ್ಲಾರಿ, ಹೇಳಾಕ ನಾಚಿಕಿ ಬರ್ತಿತ್ತು.” ಆಮೇಲೆ ಸಾಲಾಗಿ ಹೆಬ್ಬೆರಳುಗಳು. ಉಳವಪ್ಪ ಅಲ್ಲೇ ನಿಂತು ಒಬ್ಬನೇ ನಕ್ಕ. ಮೂರು ತಿಂಗಳ ಮೇಲೆ ಮೊದಲ ಸಲ ಹೊಟ್ಟೆ ಹಸಿದದ್ದು ತಿಳಿಯಿತು. ಎರಡು ಪ್ಲೇಟ್ ಮಿರ್ಚಿ ಭಜಿ ತಿಂದ.

(ಕೋರ್ಸಿನವರು ಇದನ್ನು ಸೋಲು ಎನ್ನುತ್ತಾರೆ. ಅವರು ಆ ಮಿರ್ಚಿ ತಿಂದಿಲ್ಲ.)

೫
ಮರುದಿನ ಅವನು ರೇಣವ್ವನ ಹಿಂದೆ ಹಿಂದೆ ಹೊಲದಲ್ಲಿದ್ದ.

“ಗುದ್ದಲಿ ಎಷ್ಟ ದೂರ ಹಾಕೂದು ಅಂತ ಹೆಂಗ ತಿಳೀತೈತ್ರಿ ವೈನಿ? ಗೆಣಸ ಕಾಣೂದಿಲ್ಲಲ್ಲ.”

“ನೆಲಾ ಸೀಳಿರ್ತೈತಿ, ನೋಡಿಲ್ಲೆ. ಒಳಗ ಎಷ್ಟ ದಪ್ಪ ಐತಿ ಅನ್ನೂದು ಕೈಗೆ ತಿಳೀತೈತಿ, ಬಾಯಲೆ ಹೇಳಾಕ ಬರೂದಿಲ್ಲ. ಹಿಡಿ.”

ಅವನು ಹಾಕಿದ. ದೊಡ್ಡ ಗೆಣಸೊಂದು ನಡುವೆ ಎರಡು ಹೋಳಾಗಿ ಬಿಳಿ ಹಾಲು ಒಸರಿತು. ಹೆಂಗಸರೆಲ್ಲ ಹೋ ಎಂದರು.

“ಒಂದ ಹೋತು,” ಎಂದಳು ರೇಣವ್ವ. “ಮುಂದಿಂದಕ್ಕ ಹಾಕು.”

(ಪುಸ್ತಕ ಬಂತೇ ಎಂದು ಕೇಳಬೇಡಿ. ಇನ್ನೂರಾ ಹದಿನಾಲ್ಕು ಜನರಿಗೆ ಒಂದು ಕಾದಂಬರಿ ಬಾಕಿಯಿದೆ. ಇಲ್ಲಿಯವರೆಗೆ ಓದಿದ ನೀವು ಇನ್ನೂರಾ ಹದಿನೈದನೆಯವರು. ಉಳವಪ್ಪ ಈಗ ಗುದ್ದಲಿ ಎತ್ತಿದ್ದಾನೆ, ಅವನನ್ನು ಮಾತಾಡಿಸುವ ಹಾಗಿಲ್ಲ.)