ಹೊನ್ನಕ್ಕ ಅಳೆದ ಮೆಟ್ಟಿಲು

“ತಲೆ ಕಡೇರು ಒಂದೆಜ್ಜೆ ಹಿಂದುಕ್ಕೋಗ್ರಪ್ಪೋ! ಬಿದ್ರು ಗ್ವಾಡೆ ಕಚ್ಕಂಡ್ಬುಟ್ಟದೆ.”

ಮೇಲಿನ ಮೆಟ್ಟಿಲಿನಿಂದ ತಮ್ಮಯ್ಯ ಹೀಗೆ ಕೂಗಿದಾಗ ಕಾಂತರಾಜುವಿನ ಬಲ ಹೆಗಲು ಚಟ್ಟದ ಕಾಲ್ತುದಿಯ ಕೆಳಗಿತ್ತು. ಹಿಂದಕ್ಕೆಳೆದರು, ಬಿದಿರು ಗೋಡೆ ಬಿಟ್ಟಿತು. ಮುಂದಕ್ಕೆ ತಂದರು, ಮತ್ತೆ ಕಚ್ಚಿತು. ಪುರಸಭೆಯ ಬಾಡಿಗೆ ಮನೆಗಳ ಈ ಮೆಟ್ಟಿಲು ಮೂರೇ ಅಡಿ ಅಗಲ. ಹನ್ನೊಂದು ಮೆಟ್ಟಿಲಿಳಿದರೆ ಎದುರಿಗೆ ಗೋಡೆ, ಅಲ್ಲಿಂದ ತಿರುಗಿ ಇಳಿಯಬೇಕು. ನಡೆಯುವ ಮನುಷ್ಯ ತಿರುಗಬಹುದು, ಗ್ಯಾಸ್ ಸಿಲಿಂಡರ್ ಹೊತ್ತವನೂ ಉಸ್ಸಪ್ಪಾ ಎಂದು ತಿರುಗಬಹುದು. ಮಲಗಿದವರು ತಿರುಗುವ ಹಾಗಿರಲಿಲ್ಲ.

“ಒಸಿ ಎತ್ತಿ ನಿಲ್ಸುದ್ರೆ ಸರ್ಯೋಯ್ತದೆ ಮಾವ,” ಎಂದ ಹೊನ್ನಕ್ಕನ ಮಗ ಭೀಮ.

“ಮುಚ್ಚಲಾ ಬಾಯ. ಮನಿಕಂಡೋಳ ಎಬ್ಬುಸಿ ನಿಲ್ಸೀಯಾ? ನಿಂತ್ಕಂಡ ಎಣ ಮನೆ ಬುಟ್ಟೋಗಕಿಲ್ಲ ಅಂತ ನಿಮ್ ತಾತ ಯೋಳ್ತಿರ್ಲಿಲ್ವಾ?”

ತಮ್ಮಯ್ಯ ಹೊನ್ನಕ್ಕನ ಒಡಹುಟ್ಟಿದವನು, ಬೆಳಗಿನ ಮೊದಲ ಬಸ್ಸಿಗೇ ದಂಡಿಗನಹಳ್ಳಿಯಿಂದ ಬಂದಿದ್ದ. ಅವರ ವಂಶದಲ್ಲಿ ಚಟ್ಟವನ್ನು ಹೊಸ್ತಿಲ ಮುಂದೆಯೇ ಕಟ್ಟಿ, ಅಲ್ಲಿಂದಲೇ ಹೆಗಲಿಗೇರಿಸುವುದು ರೂಢಿ. ಹೊಸ್ತಿಲು ನೆಲದ ಮೇಲಿದ್ದ ಕಾಲಕ್ಕೆ ಅದು ಸರಿಯಾಗಿತ್ತು. ಈಗ ಹೊಸ್ತಿಲು ಎರಡನೇ ಮಹಡಿಯಲ್ಲಿದೆ ಎಂಬುದನ್ನು ಚಟ್ಟ ಕಟ್ಟುವಾಗ ಯಾರೂ ಯೋಚಿಸಲಿಲ್ಲ. ಯೋಚಿಸಿದ್ದವಳು ಒಬ್ಬಳೇ. ಅವಳು ಚಟ್ಟದ ಮೇಲಿದ್ದಳು.

ಕಾಂತರಾಜು ಪುರಸಭೆಯ ಗುಮಾಸ್ತ. ಸಭೆಗಳ ನಡಾವಳಿ ಬರೆಯುವುದು ಅವನ ಕೆಲಸ. ಹಾರ ಹಾಕಿ ಹೊರಟುಬಿಡೋಣ ಎಂದು ಬಂದವನು, ಒಂದು ಹೆಗಲು ಕಡಿಮೆಯಾಯಿತೆಂದು ತಾನೂ ಹೆಗಲು ಕೊಟ್ಟಿದ್ದ. ಇನ್ನೊಂದು ಹೆಗಲಲ್ಲಿ ರೆಕ್ಸಿನ್ ಚೀಲ, ಅದರೊಳಗೆ ನಡಾವಳಿ ಪುಸ್ತಕ. ಇವತ್ತು ಮಧ್ಯಾಹ್ನ ಮೂರಕ್ಕೆ ಇದೇ ಅಂಗಳದಲ್ಲಿ ಪುರಸಭಾ ಸದಸ್ಯರ ಪರಿಶೀಲನಾ ಸಮಿತಿ ಕೂರುವುದಿತ್ತು. ಈ ಕಟ್ಟಡದ ನಕ್ಷೆ ಮಾಡುವಾಗ ಬಾಡಿಗೆದಾರರ ಮಾತು ಕೇಳಿದ್ದಾರೋ ಇಲ್ಲವೋ ಎಂದು ಪುಸ್ತಕ ನೋಡುವುದು. ಕೇಳಿದ್ದರೆ, ಪಕ್ಕದ ಖಾಲಿ ಜಾಗದಲ್ಲಿ ಇದೇ ನಕ್ಷೆಯ ಇನ್ನೊಂದು ಕಟ್ಟಡಕ್ಕೆ ಒಪ್ಪಿಗೆ ಕೊಡುವುದು. ಅಷ್ಟೇ.

“ಇದ್ನೇ ಅಲ್ವಾ ಸಾ ನಮ್ಮವ್ವ ಅವತ್ತೇ ಯೋಳಿದ್ದು?” ಭೀಮ ಬಿದಿರಿನಾಚೆಯಿಂದ ಮೆಲ್ಲಗೆ ಹೇಳಿದ. “ಕಾಂತ್ರಾಜು ಬರ್ಕಂಡವ್ನೆ, ಬರ್ಕಂಡವ್ನೆ ಅಂತ ನಿನ್ನೆಗಂಟ ಅಂತಿದ್ಲು.”

ಕಾಂತರಾಜುವಿಗೆ ಮೇಲಿನಿಂದ ಟಕ್, ಟಕ್ ಎಂದು ಕೋಲೂರುವ ಸದ್ದು ಕೇಳಿದಂತಾಗಿ ತಲೆಯೆತ್ತಿದ. ಹೊನ್ನಕ್ಕನ ಕೋಲು ಮೇಲೆ ಬಾಗಿಲ ಸಂದಿಗೆ ಒರಗಿಕೊಂಡು ಸುಮ್ಮನೆ ನಿಂತಿತ್ತು.

*

ನಾಲ್ಕು ವರ್ಷದ ಹಿಂದೆ ಇಲ್ಲಿದ್ದ ಗುಡಿಸಲುಗಳನ್ನು ಕಿತ್ತು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಹೊಸ ಕಟ್ಟಡದ ಗೆರೆ ಎಳೆದಿದ್ದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಖಾರಾಬೂಂದಿ, ಟೀ. ಇಂಜಿನಿಯರು ನಕ್ಷೆ ವಿವರಿಸಿ, ಏನಾದರೂ ಕೇಳುವುದಿದೆಯೇ ಅಂದರು. ಬೂಂದಿ ಅಗಿಯುವ ಸದ್ದು ಬಿಟ್ಟರೆ ಸದ್ದಿಲ್ಲ. ಆಗ ಹೊನ್ನಕ್ಕ ಎದ್ದಳು. ಮೂವತ್ತು ವರ್ಷ ಊರ ಬೀದಿ ಗುಡಿಸಿದವಳು. ಪೊರಕೆ ಬಿಟ್ಟ ಕೈಗೆ ಆಗತಾನೇ ಕೋಲು ಬಂದಿತ್ತು.

ಎದ್ದವಳು ಮಾತಾಡಲಿಲ್ಲ. ಹೊರಗೆ ಹೋಗಿ, ಸೊಸೆ ಶಾಂತಿಯ ಕೈಲಿ ಉದ್ದನೆಯ ಬಿದಿರೊಂದನ್ನು ಹೊರಿಸಿಕೊಂಡು ಬಂದಳು. ಮೆಟ್ಟಿಲಿನ ಗೆರೆಯೊಳಗೆ ಅದನ್ನು ಮಲಗಿಸಿ, ಆ ತುದಿ ಈ ತುದಿ ಹಿಡಿದು ತಿರುಗಿಸಿದರು. ಬಿದಿರು ಗೆರೆ ಅಳಿಸಿಕೊಂಡು ಆಚೆ ಹೋಯಿತು.

“ನೋಡಿ ಸಾ. ತಿರುಗಕಿಲ್ಲ.”

“ಏನಜ್ಜಿ ಇದು?”

“ಚಟ್ಟದ ಬಿದ್ರು.”

ಶಾಮಿಯಾನ ಹಾರಿಹೋಗುವಂತೆ ಜನ ನಕ್ಕರು. ಇಂಜಿನಿಯರೂ ನಕ್ಕು, “ಬದುಕೋಕೆ ಮನೆ ಕಟ್ತಿದ್ದೀವಿ ಅಜ್ಜಿ, ಸಾಯೋ ಮಾತ್ಯಾಕೆ?” ಅಂದರು.

“ಬದುಕಾಕೆ ಕಟ್ಟುಸ್ಕೊಡ್ತೀರಿ, ಸರಿ. ಸಾಯಾಕೆ ಬ್ಯಾರೆ ಜಾಗ ತೋರ್ಸೀರಾ? ಎಣ ಬುಡಿ ಸಾ, ಅದ್ಕೇನು ಅವಸ್ರ ಇಲ್ಲ. ನೋವು ತಿನ್ನೋ ಬಸುರೀನ ಎಂಗಿಳುಸ್ಬೇಕು? ಸೊಂಟ ಮುರ್ಕಂಡೋರ್ನ? ಇನ್ನೊಂದಡಿ ಜಾಗ ಬುಡಿ. ಅಷ್ಟೇಯ.”

ಕಾಂತರಾಜು ಹಾಜರಿಗೆಂದು ಪುಸ್ತಕ ತಿರುಗಿಸಿದ. ಮೇಲೆ ಅರ್ಧ ಪುಟ ಖಾಲಿ ಬಿಟ್ಟು, ಕೆಳಗೆ ಸಹಿ ಹಾಕಿಸುವುದು ಅವನ ಪದ್ಧತಿ. ಟೀ ಆರುವ ಮೊದಲು ಸಹಿಯಾಗಬೇಕು. ನಡೆದದ್ದನ್ನು ಆಮೇಲೆ ಕಚೇರಿಯಲ್ಲಿ ಬರೆದುಕೊಂಡರಾಯಿತು. ಹೆಬ್ಬೆಟ್ಟಿನ ಶಾಯಿಡಬ್ಬಿಯನ್ನು ಹೊನ್ನಕ್ಕ ಆಚೆಗೆ ತಳ್ಳಿದಳು. “ಪೆನ್ ಕೊಡು ಮಗ. ನಾನು ಕಲ್ತಿವ್ನಿ.” ರಾತ್ರಿಶಾಲೆಯಲ್ಲಿ ಕಲಿತ ಸಹಿ. ಅವಳದೊಂದು ಸಹಿ ಮುಗಿಯುವಷ್ಟರಲ್ಲಿ ನಾಲ್ಕು ಜನರ ಟೀ ಮುಗಿದಿತ್ತು.

ಸಂಜೆ ಸಾಹೇಬರು, “ಎಲ್ಲಾ ಒಪ್ಪಿದ್ರು ಅಂತ ಹಾಕಿ ಕಳಿಸ್ರೀ, ಕಡತ ನಾಳೆ ಹಾಸನಕ್ಕೆ ಹೋಗ್ಬೇಕು” ಎಂದರು. ಕಾಂತರಾಜು ಬರೆದ: ‘ಹಾಜರಿದ್ದ ಬಾಡಿಗೆದಾರರೆಲ್ಲರೂ ನಕ್ಷೆಯನ್ನು ಒಮ್ಮತದಿಂದ ಒಪ್ಪಿರುತ್ತಾರೆ.’ ಹೊನ್ನಕ್ಕನದೂ ಒಂದು ಸಾಲು ಸೇರಿಸೋಣ ಎಂದು ಪೆನ್ನು ಎತ್ತಿದ್ದೂ ನಿಜ. ಅಷ್ಟರಲ್ಲಿ ನಕ್ಷೆಯ ವಿವರವೆಲ್ಲ ಸೇರಿ ಬರಹ ಸಹಿಗಳಿಗೆ ಬಂದು ತಾಗಿತ್ತು. ಜಾಗವಿರಲಿಲ್ಲ.

*

ಚಟ್ಟವನ್ನು ಮತ್ತೆ ಮೇಲಕ್ಕೊಯ್ದು ಮನೆ ಮುಂದಿನ ಓಣಿಯಲ್ಲಿ ಇಳಿಸಿದರು. “ಓದೋಳು ವಾಪಸ್ ಬಂದ್ಲಲ್ಲಪ್ಪ,” ಎಂದು ಯಾರೋ ಮುದುಕಿ ಅಂದದ್ದಕ್ಕೆ ಹೆಂಗಸರೆಲ್ಲ ಅಪಶಕುನವೆಂದು ಹೊಸ್ತಿಲಿನಾಚೆಗೆ ಸರಿದರು. ಕೆಳಗೆ ತಮಟೆಯವನಿಗೂ ಏನು ಮಾಡಬೇಕೋ ತಿಳಿಯದೆ ಬಡಿತ ನಿಂತಿತು.

ಆ ಹೊತ್ತಿಗೆ ಹಾರ ಹಿಡಿದು ಭಾನುಪ್ರಿಯಾ ಮೆಟ್ಟಿಲು ಹತ್ತಿ ಬಂದಳು. ಮೊದಲ ಸಲ ಗೆದ್ದ ಸದಸ್ಯೆ, ಸಮಿತಿಯ ಅಧ್ಯಕ್ಷೆ. ಹಾರ ಹಾಕಿ, ಕೈಮುಗಿದು, ಕಾಂತರಾಜುವಿನ ಕಡೆ ತಿರುಗಿದಳು.

“ಯಾಕ್ರೀ ಇನ್ನೂ ಎತ್ತಿಲ್ಲ?”

“ಮೆಟ್ಲಾಗೆ ತಿರುಗ್ತಿಲ್ಲ ಮೇಡಂ,” ಎಂದಳು ಶಾಂತಿ. “ನಮ್ಮತ್ತೆ ಅವತ್ತೇ ಬಿದ್ರು ಮಡಗಿ ತೋರ್ಸಿದ್ರು. ಇವ್ರು ಬರ್ಕಂಡವ್ರೆ, ಕೇಳಿ.”

“ಬರೆದಿದ್ದೀರಾ?”

ಭೀಮನೇ ಉತ್ತರಿಸಿದ. “ಬರ್ದವ್ರೆ ಮೇಡಂ. ಇವತ್ತು ಸಮಿತಿ ಮುಂದೆ ಓದುಸ್ತೀನಿ ಅಂತ ಅವ್ವ ಸೀರೆ ಒಗ್ದು ಮಡಿಕಂಡಿದ್ಲು. ಈಗ ಅದ್ನೇ ಉಡ್ಸಿವ್ನಿ. ಓದಿ ಸಾ. ಕೇಳಿಸ್ಕಂಡೋಗ್ಲಿ.”

*

ಹೊನ್ನಕ್ಕ ಬಾಡಿಗೆ ಕಟ್ಟಲು ಬಂದಾಗಲೆಲ್ಲ ಕಚೇರಿಯ ಪಡಸಾಲೆಯಲ್ಲಿ ಟಕ್ ಟಕ್ ಎಂದು ಕೋಲು ಕೇಳಿಸುತ್ತಿತ್ತು.

“ನನ್ ಮಾತ ಬರ್ದ್ಯಾ ಮಗ?”

“ಬರ್ದಿದ್ದೀನಿ ಅಜ್ಜಿ.”

“ಓದು ನೋಡಾನ.”

“ಪುಸ್ತಕ ಸಾಹೇಬ್ರ ಹತ್ರ ಐತೆ.”

ಒಂದು ಸುಳ್ಳು ನಾಲ್ಕು ವರ್ಷ ನಡೆಯಿತು. ಹೋದ ವಾರವೂ ಬಂದಿದ್ದಳು. ಮೇಜಿಗೆ ಕೋಲು ಒರಗಿಸಿ, ಎಲೆಯಡಿಕೆ ಬಾಯಿಯಲ್ಲಿ ನಕ್ಕಿದ್ದಳು. “ಬುಧವಾರ ನೀನೇ ಗಟ್ಟಿಯಾಗಿ ಓದ್ಬೇಕು ಕಣ. ನಾನು ಬಾಯ್ಬುಟ್ರೆ ನಗ್ತಾರೆ. ಬರ್ದಿರೋದ್ಕೆ ಯಾರೂ ನಗಕಿಲ್ಲ.”

ಇವತ್ತು ಬುಧವಾರ.

*

ಕಾಂತರಾಜು ಪುಸ್ತಕ ತೆಗೆದ. ಆ ಪುಟ ತಾನಾಗಿ ತೆರೆದುಕೊಂಡಿತು. ಹೊನ್ನಕ್ಕನ ಸಹಿ ಇಷ್ಟಗಲ ಕಾಲು ಚಾಚಿ ಕೂತಿತ್ತು. ಅವನು ಓದತೊಡಗಿದ.

“ಬಾಡಿಗೆದಾರರಾದ ಹೊನ್ನಕ್ಕನವರು ಎದ್ದು ನಿಂತು, ಮೆಟ್ಟಿಲು ತಿರುಗುವ ಕಡೆ ಇನ್ನೊಂದು ಅಡಿ ಜಾಗ ಬಿಡಬೇಕೆಂದು ಕೇಳಿದರು. ನೋವು ತಿನ್ನುವ ಬಸುರಿಯನ್ನು, ಸೊಂಟ ಮುರಿದವರನ್ನು ಇಳಿಸುವುದು ಹೇಗೆ ಎಂದು ಕೇಳಿದರು. ಹೆಣಕ್ಕೇನೂ ಅವಸರವಿಲ್ಲ ಎಂದರು...”

ಓಣಿಯಲ್ಲಿ ಒಬ್ಬರೂ ನಗಲಿಲ್ಲ. ತಮ್ಮಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, “ಥೇಟು ಅವ್ಳೇ ಮಾತಾಡ್ದಂಗೈತೆ ಕಣ್ಲಾ,” ಎಂದ.

ಭಾನುಪ್ರಿಯಾ ಕೈ ಚಾಚಿದಳು. ಪುಸ್ತಕ ಕೊಡದೆ ವಿಧಿಯಿರಲಿಲ್ಲ. ಅವಳು ಆ ಪುಟವನ್ನು ಒಂದು ಸಲ ಓದಿದಳು, ಹಿಂದಿನದನ್ನೂ ಮುಂದಿನದನ್ನೂ ಮಗುಚಿದಳು.

“ನೀವು ಓದಿದ್ದು ಇದರಲ್ಲಿ ಎಲ್ಲಿದೆ?”

ಚಟ್ಟದ ತಲೆಯ ಹತ್ತಿರ ಹಚ್ಚಿದ್ದ ಊದುಬತ್ತಿಯ ಬೂದಿ ಉದುರಿತು. ಕಾಂತರಾಜು ಭಾನುಪ್ರಿಯಾಳನ್ನು ನೋಡಲಿಲ್ಲ, ಭೀಮನನ್ನು ನೋಡಿದ.

“ಇಲ್ಲ ಭೀಮ. ನಾನು ಬರೀಲಿಲ್ಲ. ಎಲ್ಲಾ ಒಪ್ಪಿದ್ರು ಅಂತ ಬರ್ದೆ. ಅಜ್ಜಿ ಸೈನಿನ ಮೇಲೇ ಬರ್ದೆ.”

ಭೀಮ ಹೊಡೆಯುತ್ತಾನೆ ಎಂದೇ ಅಲ್ಲಿದ್ದವರು ಅಂದುಕೊಂಡರು. ಕಾಂತರಾಜುವೂ ಅಂದುಕೊಂಡ, ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಭೀಮ ಅವ್ವನ ಮುಖದ ಮೇಲೆ ಕೂತ ನೊಣ ಓಡಿಸಿದ.

“ಕೇಳುಸ್ತೇನವ್ವ?” ಎಂದ.

ತಮ್ಮಯ್ಯ ಎದ್ದ. “ಮಾತು ಆಮ್ಯಾಕೆ. ಯಾರಾರ ಗರಗ್ಸ ತಕಬನ್ರೋ. ಎಣ ನಿಲ್ಸಬಾರ್ದು, ಬಿದ್ರು ಕುಯ್ದ್ರೆ ದ್ವಾಸ ಇಲ್ಲ. ಎಗಲ್ಗೆ ಸಿಗ್ದೆ ಓದ್ರೆ ಕೈಯಾಗೇ ಇಳ್ಸಾನ, ಕೆಳೀಕೆ ಓಗಿ ಬ್ಯಾರೆ ಕಟ್ಟಾನ.”

ಎರಡು ಬಿದಿರಿನ ನಾಲ್ಕು ತುದಿಗಳನ್ನೂ ಮೊಳದುದ್ದ ಕುಯ್ದರು. ಕಾಂತರಾಜು ಚೀಲ ಕೆಳಗಿಟ್ಟು ಬಗ್ಗಿದ.

“ನೀವ್ ಮುಟ್ಟಬ್ಯಾಡಿ ಸಾ,” ಎಂದ ಭೀಮ. “ನೀವು ಬರೀರಿ.”

ಭಾನುಪ್ರಿಯಾ ಖಾಲಿ ಪುಟವೊಂದನ್ನು ತೆರೆದು ಪುಸ್ತಕವನ್ನು ಅವನ ಕೈಗಿತ್ತಳು. “ಇವತ್ತಿನ ತಾರೀಕು ಹಾಕಿ. ಹಳೇದು ಬೇಡ. ನೀವು ಮಾಡಿದ್ದೂ ಬರೀರಿ. ಮೂರು ಗಂಟೆಗೆ ಇದನ್ನೇ ಓದೋದು. ಅದಾಗೋವರೆಗೆ ಪಕ್ಕದ ಕಟ್ಟಡಕ್ಕೆ ನಾನು ಸೈನ್ ಹಾಕಲ್ಲ.”

ಕೈಯಿಂದ ಕೈಗೆ ದಾಟಿಸುತ್ತ, ಮಲಗಿದವಳನ್ನು ಮಲಗಿದ ಹಾಗೆಯೇ ಇಳಿಸಿಕೊಂಡು ಹೋದರು. ತಿರುವಿನಲ್ಲಿ ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದರು. ತಿರುಗಿತು. ಕೆಳಗೆ ತಮಟೆ ಎದ್ದಿತು, ಬೀದಿ ಸೇರಿತು, ಸಣ್ಣಗಾಯಿತು.

ಕಾಂತರಾಜು ತಿರುವಿನ ಮೆಟ್ಟಿಲಲ್ಲಿ ಕೂತು ತೊಡೆಯ ಮೇಲೆ ಪುಸ್ತಕವಿಟ್ಟು ಬರೆದ. ಮೇಲೆ ಶಾಂತಿ ಮನೆ ತೊಳೆಯಲು ನೀರು ಹೊಯ್ಯುತ್ತಿದ್ದಳು. ಅಂಚಿಗೆ ಬಂದು ಇಣುಕಿದಳು.

“ಆಯ್ತಾ ಸಾ?”

“ಆಯ್ತು ಕಣಮ್ಮ.”

“ಕೆಳಗೆ ಜಾಗ ಬುಟ್ಟಿದ್ದೀರಲ್ಲ. ಯಾರ್ ಸೈನ್ ಹಾಕುಸ್ತೀರಿ?”

ಅವನು ಪುಟ ನೋಡಿದ. ರೂಢಿಯ ಹಾಗೆ ಕೈ ತಾನೇ ಅರ್ಧ ಪುಟ ಬಿಟ್ಟುಬಿಟ್ಟಿತ್ತು.

ಶಾಂತಿ ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಇನ್ನೊಂದು ಬಿಂದಿಗೆ ನೀರು ಸುರಿದಳು. ನೀರು ಓಣಿಯಲ್ಲಿ ಹರಿದು ಬಂದು, ಕುಯ್ದು ಬಿಟ್ಟಿದ್ದ ಬಿದಿರಿನ ತುಂಡೊಂದನ್ನು ಅಂಚಿನವರೆಗೆ ನೂಕಿತು. ಟಕ್. ಒಂದು ಮೆಟ್ಟಿಲಿಳಿಯಿತು. ಟಕ್. ಇನ್ನೊಂದು. ಕಾಂತರಾಜು ತಲೆಯೆತ್ತಲಿಲ್ಲ, ಗೋಡೆಗೆ ಅಂಟಿಕೊಂಡು ಸರಿದು, ಪಕ್ಕದಲ್ಲಿ ಜಾಗ ಬಿಟ್ಟ. ತುಂಡು ಒಂದೊಂದೇ ಮೆಟ್ಟಿಲಿಳಿದು ಬಂದು, ಅವನ ಪಕ್ಕದಲ್ಲಿ ನಿಂತಿತು.